ಹಳೇ ಡೈನಿಂಗ್ ಕುರ್ಚಿಗಳ ರಿಪೇರಿ: ಜಾಯಿಂಟು, ಪಾಲಿಶ್, ಸೀಟು. ಕೊಡಗಿನ ಮಳೆಗೆ ಏನು ತಡೆಯುತ್ತೆ?

ನಾಪೋಕ್ಲು_ಮನೆ
ಎಲ್ಲರಿಗೂ ನಮಸ್ಕಾರ. ಮೈಸೂರಿನ ಹಳೇ ಪೀಠೋಪಕರಣದ ಅಂಗಡಿಯಿಂದ ಆರು ಡೈನಿಂಗ್ ಕುರ್ಚಿ ಬಂದಿವೆ. ನಾಲ್ಕು ತೇಗ, ಎರಡು ಬೀಟೆ ಅಂತ ಅಂಗಡಿಯವರ ಮಾತು. ನಾಲ್ಕಕ್ಕೆ ರೆಕ್ಸಿನ್ ಹೊದಿಸಿದ ಸೀಟು, ಕೆಳಗಿನಿಂದ ಸ್ಕ್ರೂ ಹಾಕಿದೆ. ಎರಡಕ್ಕೆ ಬೆತ್ತದ ಹೆಣಿಗೆ, ನಡುವೆ ಹರಿದಿದೆ. ಎಲ್ಲವೂ ಸ್ವಲ್ಪ ಸ್ವಲ್ಪ ಅಲುಗಾಡುತ್ತವೆ. ಎರಡರ ಕಾಲಿಗೆ ಯಾರೋ ಮೊಳೆ ಹೊಡೆದಿದ್ದಾರೆ. ಪುತ್ತರಿ ಸುಗ್ಗಿ ಹಬ್ಬಕ್ಕೆ ನೆಂಟರು ಬರುವಷ್ಟರಲ್ಲಿ ಕೂರುವ ಹಾಗೆ ಆಗಬೇಕು. ಯಾವುದರಿಂದ ಶುರು ಮಾಡೋದು? ಬಟ್ಟೆ ಮೊದಲು ತರಲಾ?

ಉಳಿ_ಸುತ್ತಿಗೆ
ಬಟ್ಟೆ ಕೊನೆಗೆ. ಮೊದಲು ಜಾಯಿಂಟು, ಆಮೇಲೆ ಪಾಲಿಶ್, ಆಮೇಲೆ ಸೀಟು. ಈ ಕ್ರಮ ತಪ್ಪಿದರೆ ಹೊಸ ಬಟ್ಟೆ ಮೇಲೆ ಪಾಲಿಶ್ ಬೀಳುತ್ತೆ, ಇಲ್ಲವೇ ಮುಗಿದ ಪಾಲಿಶ್ ಮೇಲೆ ಕ್ಲ್ಯಾಂಪಿನ ಗುರುತು ಬೀಳುತ್ತೆ.

ಮೈಸೂರಿಂದ ಬಂದ ಮರಕ್ಕೆ ತಕ್ಷಣ ಅಂಟು ಹಾಕಬೇಡಿ. ಗಾಳಿಯ ತೇವಾಂಶ ಶೇ 50ರಿಂದ 60 ಇರುವ ಕಡೆ ಮರದೊಳಗಿನ ನೀರು ಶೇ 9ರಿಂದ 11ಕ್ಕೆ ನಿಲ್ಲುತ್ತೆ. ಶೇ 90ರ ಗಾಳಿಯಲ್ಲಿ ಅದೇ ಮರ ಶೇ 20ರವರೆಗೆ ಹೋಗುತ್ತೆ. ಎರಡಿಂಚು ಅಗಲದ ಅಡ್ಡಪಟ್ಟಿ ಇಷ್ಟರಲ್ಲೇ ಅರ್ಧ ಮಿಲಿಮೀಟರಿನಷ್ಟು ಉಬ್ಬುತ್ತೆ. ಉಬ್ಬಿದಾಗ ಪಟ್ಟಿಯ ತುದಿ ಕಾಲಿನ ತೂತಿನೊಳಗೆ ಅಮುಕಿ ನಾರು ಜಜ್ಜಿಹೋಗುತ್ತೆ. ಬೇಸಿಗೆಯಲ್ಲಿ ಕುಗ್ಗಿದಾಗ ಮೊದಲಿನ ಅಳತೆಗಿಂತ ಸಣ್ಣದಾಗಿರುತ್ತೆ. ಕುರ್ಚಿ ಅಲುಗಾಡೋಕೆ ಕಾರಣ ಇದೇ. ಅಂಟು ಹಳೇದಾದದ್ದು ಎರಡನೇ ಕಾರಣ. ಹಾಗಾಗಿ ಕುರ್ಚಿ ಎಲ್ಲಿ ಇರಬೇಕೋ ಆ ಕೋಣೆಯಲ್ಲೇ ಎರಡು ಮೂರು ವಾರ ಇಡಿ. ಅಷ್ಟರಲ್ಲಿ ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಕಳೆದು ಬಿಸಿಲೂ ಬರುತ್ತೆ. ಒಲೆ ಹತ್ತಿರ ಇಟ್ಟು ಬೇಗ ಒಣಗಿಸೋ ಯೋಚನೆ ಬೇಡ, ಹಲಗೆಯ ತುದಿ ಸೀಳುತ್ತೆ.

ಜಾಯಿಂಟು ಬಿಚ್ಚೋದು: ಬಿಚ್ಚುವ ಮೊದಲೇ ಪ್ರತಿ ಕೂಡಿಕೆಯ ಎರಡೂ ಕಡೆ ಟೇಪ್ ಅಂಟಿಸಿ ನಂಬರ್ ಬರೆಯಿರಿ. ನಾಲ್ಕು ಕುರ್ಚಿಯ ಕಾಲು ಒಂದೇ ತರ ಕಂಡರೂ ಕೈಯಲ್ಲಿ ಮಾಡಿದ್ದು ಒಂದರದ್ದು ಇನ್ನೊಂದಕ್ಕೆ ಕೂರಲ್ಲ. ಗಟ್ಟಿ ಇರುವ ಜಾಯಿಂಟನ್ನು ಮುಟ್ಟಬೇಡಿ, ಸಡಿಲ ಇದ್ದದ್ದನ್ನು ಮಾತ್ರ ಬಿಚ್ಚಿ. ರಬ್ಬರ್ ಸುತ್ತಿಗೆ ಇಲ್ಲದಿದ್ದರೆ ಮರದ ತುಂಡು ಇಟ್ಟು ಹೊಡೆಯಿರಿ. ಹಳೇ ಸರೇಸಿನ (ಪ್ರಾಣಿಯ ಚರ್ಮ, ಮೂಳೆ ಕುದಿಸಿ ಮಾಡಿದ) ಅಂಟಾದರೆ ಬಿಸಿ ವಿನೆಗರನ್ನು ಸಿರಿಂಜಲ್ಲಿ ಜಾಯಿಂಟಿಗೆ ಬಿಟ್ಟು ಅರ್ಧ ಗಂಟೆ ಕಾಯಿರಿ, ಮೆತ್ತಗಾಗುತ್ತೆ. ಬಿಳಿ ಫೆವಿಕಾಲ್ ತರದ್ದಾದರೂ ವಿನೆಗರ್ ಮತ್ತು ಶಾಖಕ್ಕೆ ನಿಧಾನವಾಗಿ ಬಿಡುತ್ತೆ.

ಬಿಚ್ಚಿದ ಮೇಲೆ ಹಳೇ ಅಂಟು ಪೂರ್ತಿ ಕೆರೆದು ಮರ ಕಾಣಬೇಕು. ಒಣಗಿದ ಫೆವಿಕಾಲ್ ಮೇಲೆ ಹೊಸ ಫೆವಿಕಾಲ್ ಹಿಡಿಯಲ್ಲ. ಎಲ್ಲರೂ ಎಡವೋದು ಇಲ್ಲೇ: ಸಂದಿಗೆ ಹೊಸ ಅಂಟು ಸುರಿದು ಹಗ್ಗ ಕಟ್ಟಿ ಬಿಡ್ತಾರೆ, ಮುಂದಿನ ಬೇಸಿಗೆಗೆ ಮತ್ತೆ ಅಲುಗಾಟ.

ಅಂಟಿಲ್ಲದೆ ಜೋಡಿಸಿ ನೋಡಿ. ಕೈಯಿಂದ ಒತ್ತಿದರೆ ಬಿಗಿಯಾಗಿ ಹೋಗಿ ನಿಲ್ಲಬೇಕು. ಸಡಿಲ ಇದ್ದರೆ ಅದೇ ಮರದ ತೆಳ್ಳನೆ ಚಕ್ಕೆಯನ್ನು ಪಟ್ಟಿಯ ತುದಿಗೆ ಅಂಟಿಸಿ, ಒಣಗಿದ ಮೇಲೆ ಉಳಿಯಿಂದ ಸಮ ಮಾಡಿ. ಚಕ್ಕೆಗೂ ನಿಲ್ಲದಷ್ಟು ಸಡಿಲ ಇದ್ದರೆ, ತೂತು ಸವೆದು ವಕ್ರ ಆಗಿದ್ದರೆ, ಆಗ ಮಾತ್ರ ಎರಡು ಟ್ಯೂಬಿನ ಅರಾಲ್ಡೈಟ್ ಎಪಾಕ್ಸಿ. ಐದು ನಿಮಿಷದಲ್ಲಿ ಗಟ್ಟಿಯಾಗುವುದು ಬೇಡ, ನಿಧಾನದ್ದು ತನ್ನಿ.

ಉಳಿದದ್ದಕ್ಕೆ ನೀರು ತಡೆಯುವ ಮೆರೈನ್ ಫೆವಿಕಾಲ್. ತೂತಿನ ಒಳಗೂ ತುದಿಯ ಮೇಲೂ ತೆಳ್ಳಗೆ ಹಚ್ಚಿ. ತೂತನ್ನು ತುಂಬಿಸಿಬಿಟ್ಟರೆ ತುದಿ ಪೂರ್ತಿ ಒಳಗೆ ಹೋಗಲ್ಲ, ಒತ್ತಡಕ್ಕೆ ಕಾಲು ಸೀಳೋದೂ ಉಂಟು. ಉದ್ದದ ಕ್ಲ್ಯಾಂಪ್ ಇಲ್ಲದಿದ್ದರೆ ನಾಲ್ಕು ಕಾಲಿಗೂ ಹಗ್ಗ ಎರಡು ಸುತ್ತು ಸುತ್ತಿ, ನಡುವೆ ಕೋಲು ತೂರಿಸಿ ತಿರುಚಿ ಬಿಗಿ ಮಾಡಿ. ಮೂಲೆಗೆ ರಟ್ಟು ಇಡಿ, ಹಗ್ಗ ಮರ ಕೊರೆಯಬಾರದು. ಬಿಗಿದ ತಕ್ಷಣ ಸೀಟಿನ ಚೌಕಟ್ಟಿನ ಎರಡು ಕರ್ಣ ಅಳೆಯಿರಿ. ಹಿಂದೆ ಕಿರಿದಾದ ಸೀಟಾದರೂ ಎರಡು ಕರ್ಣ ಸಮ ಇರಬೇಕು. ಆಮೇಲೆ ಸಮ ನೆಲದ ಮೇಲೆ ನಿಲ್ಲಿಸಿ, ನಾಲ್ಕೂ ಕಾಲು ಊರಿರುವಾಗಲೇ ಒಣಗಲಿ. ಇಲ್ಲಿನ ತಂಪಿಗೆ ಒಂದು ಹಗಲು ಒಂದು ರಾತ್ರಿ ಕ್ಲ್ಯಾಂಪಲ್ಲಿ, ಕೂರೋದು ಮೂರು ದಿನ ಬಿಟ್ಟು.

ನಾಪೋಕ್ಲು_ಮನೆ
ಮೊಳೆ ಹೊಡೆದದ್ದನ್ನು ಏನು ಮಾಡೋದು ಅಣ್ಣ? ತಲೆ ಒಳಗೆ ಹೋಗಿದೆ, ಸುತ್ತ ಕಪ್ಪಾಗಿದೆ.

ಉಳಿ_ಸುತ್ತಿಗೆ
ಕಪ್ಪು ಬಂದಿರೋದು ಕಬ್ಬಿಣದ ತುಕ್ಕು ಮರದೊಳಗಿನ ಒಗರಿನ ಜೊತೆ ಸೇರಿ. ಜಾಯಿಂಟು ಅಲುಗಾಡುತ್ತಿದ್ದರೆ ಸ್ವಲ್ಪ ಎಳೆದು, ಸಂದಿಗೆ ಹ್ಯಾಕ್ಸಾ ಬ್ಲೇಡ್ ಬಿಟ್ಟು ಮೊಳೆ ಕತ್ತರಿಸಿ. ಬಿಚ್ಚಿದ ಮೇಲೆ ಉಳಿದ ತುಂಡನ್ನು ಇಕ್ಕಳದಲ್ಲಿ ತೆಗೆಯಬಹುದು. ಹೊರಗಿಂದ ಅಗೆಯಲು ಹೋದರೆ ಗಾಯ ದೊಡ್ಡದು. ಕಪ್ಪು ಕಲೆಗೆ ಆಕ್ಸಾಲಿಕ್ ಆಸಿಡ್ ಪುಡಿ: ಒಂದು ಲೋಟ ಬಿಸಿ ನೀರಿಗೆ ಎರಡು ಚಮಚ ಕರಗಿಸಿ, ಪಾಲಿಶ್ ತೆಗೆದ ಮರಕ್ಕೆ ಬ್ರಷ್ಷಲ್ಲಿ ಹಚ್ಚಿ, ಒಣಗಿದ ಮೇಲೆ ನೀರಲ್ಲಿ ಚೆನ್ನಾಗಿ ಒರೆಸಿ. ವಿಷ, ಕೈಗವಸು ಹಾಕಿ. ಅದನ್ನು ತೊಳೆಯದೆ ಉಪ್ಪು ಕಾಗದ ಹಾಕಿದರೆ ಪುಡಿ ಮೂಗು ಗಂಟಲು ಸುಡುತ್ತೆ.

ಸೀಟಿನ ಕೆಳಗೆ ನಾಲ್ಕು ಮೂಲೆಯಲ್ಲಿ ತ್ರಿಕೋನದ ಮರದ ತುಂಡು ಇದೆಯಾ ನೋಡಿ. ಇಲ್ಲದಿದ್ದರೆ ಇಂಚು ದಪ್ಪದ ಗಟ್ಟಿ ಮರದಲ್ಲಿ ಮಾಡಿ ಅಂಟಿಸಿ, ಜೊತೆಗೆ ಒಂದೊಂದು ಕಡೆಗೆ ಎರಡು ಸ್ಕ್ರೂ. ಮೊದಲು ತೂತು ಕೊರೆದು, ಸ್ಕ್ರೂಗೆ ಮೇಣ ಸವರಿ ಹಾಕಿ. ಬೀಟೆಗೆ ಕೊರೆಯದೆ ತಿರುಗಿಸಿದರೆ ಸ್ಕ್ರೂ ತಲೆ ಮುರಿದು ಕೈಗೆ ಬರುತ್ತೆ.

ಕುಶಾಲನಗರ_ಕುಷನ್
ಮೂರು ವಾರ ಕಾಯಬೇಕು ಅನ್ನೋದು ಭಾಗಮಂಡಲ, ಮಡಿಕೇರಿ ಕಡೆಗೆ ಸರಿ. ನಮ್ಮ ಕುಶಾಲನಗರದ ಕಡೆ ಮಳೆಯೂ ಕಮ್ಮಿ, ಹವೆ ಮೈಸೂರಿಗೇ ಹತ್ತಿರ. ಒಂದು ವಾರ ಸಾಕು. ಅನುಮಾನ ಇದ್ದರೆ ಗೋಡೆಗೆ ಹಾಕೋ ಸಣ್ಣ ತೇವಾಂಶ ಮಾಪಕ ತನ್ನಿ, ಪಾಲಿಶ್ ದಿನ ಗೊತ್ತು ಮಾಡೋಕೂ ಅದೇ ಬೇಕು.

ಸೋಮವಾರಪೇಟೆ_ಪಾಲಿಶ್
ಅದನ್ನೇ ಹೇಳಬೇಕು ಅಂತಿದ್ದೆ. ಮಾಪಕ ಶೇ 80 ದಾಟಿದ ದಿನ ಡಬ್ಬಿ ಮುಚ್ಚಳ ತೆಗೆಯಬೇಡಿ. ಸ್ಪಿರಿಟ್, ತಿನ್ನರ್ ಬೇಗ ಆರುವಾಗ ಮರದ ಮೇಲ್ಮೈ ತಣ್ಣಗಾಗುತ್ತೆ, ಗಾಳಿಯ ನೀರು ಅಲ್ಲೇ ಇಳಿದು ಪಾಲಿಶ್ ಹಾಲಿನ ಬಣ್ಣಕ್ಕೆ ತಿರುಗುತ್ತೆ. ಅರಗಿನ (ಶೆಲಾಕ್) ಪಾಲಿಶ್ ಬಿಳಿಚಿಕೊಂಡರೆ ಒಣ ದಿನ ಬರಿ ಸ್ಪಿರಿಟ್ ತೇವ ಮಾಡಿದ ಬಟ್ಟೆ ಹಗುರಕ್ಕೆ ಸವರಿ, ಹೋಗುತ್ತೆ. ಮೆಲಮೈನ್ (ಗಟ್ಟಿಕಾರಕ ಬೆರೆಸಿ ಸ್ಪ್ರೇ ಮಾಡುವ ಪಾಲಿಶ್) ಬಿಳಿಚಿಕೊಂಡರೆ ಉಜ್ಜಿ ತೆಗೆದು ಮತ್ತೆ ಹೊಡೆಯೋದೇ ದಾರಿ.

ಹಳೇ ಪಾಲಿಶ್ ಯಾವುದು ಅಂತ ಮೊದಲು ತಿಳಿಯಿರಿ. ಸೀಟಿನ ಕೆಳಗೆ ಕಾಣದ ಜಾಗದಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಅಂಟಂಟಾದರೆ ಅರಗು. ಏನೂ ಆಗದಿದ್ದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ತಿನ್ನರ್ ಹಚ್ಚಿ, ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್). ಸುಕ್ಕುಗಟ್ಟಿ ಎದ್ದು ಬಂದರೆ ಎಣ್ಣೆ ವಾರ್ನಿಷ್ ಅಥವಾ ಪೇಂಟ್. ಅರಗಾಗಿದ್ದು ಮರ ಚೆನ್ನಾಗಿದ್ದರೆ ಪೂರ್ತಿ ತೆಗೆಯೋ ಕೆಲಸವೇ ಇಲ್ಲ. ಜಿಡ್ಡು ಒರೆಸಿ, 320 ನಂಬರಿನ ಕಾಗದ ಆಡಿಸಿ, ಮೇಲೆ ಹೊಸ ಅರಗು ಹಾಕಿ. ಹಳೇದರ ಜೊತೆ ಕರಗಿ ಒಂದಾಗುತ್ತೆ.

ಪೂರ್ತಿ ತೆಗೆಯಲೇಬೇಕಾದರೆ ಪೇಂಟ್ ರಿಮೂವರ್, ಹೊರಗೆ ಗಾಳಿಯಲ್ಲಿ, ದಪ್ಪ ನೈಟ್ರೈಲ್ ಗವಸು ಹಾಕಿ ಬೇಗ ಬೇಗ, ಗವಸು ತೋಯ್ದರೆ ಬದಲಿಸಿ. ತೆಳ್ಳನೆ ಬಲೂನಿನಂಥ ಗವಸಿನ ಮೂಲಕ ಕೈಗೇ ಬರುತ್ತೆ. ಕಾಸ್ಟಿಕ್ ಸೋಡಾ ಯಾರೇ ಹೇಳಿದರೂ ಬೇಡ. ತೇಗ ಕರ್ರಗಾಗುತ್ತೆ, ಜಾಯಿಂಟಿನ ಅಂಟೂ ಬಿಡುತ್ತೆ.

ಉಪ್ಪು ಕಾಗದ 100, 150, 220. ಯಾವಾಗಲೂ ಮರದ ನಾರಿನ ದಿಕ್ಕಿಗೆ. ಕಾಲು ಅಡ್ಡಪಟ್ಟಿ ಕೂಡುವ ಮೂಲೆಯಲ್ಲಿ ಕೈ ತಿರುಗಿ ಅಡ್ಡ ಗೀರು ಬಿದ್ದುಬಿಡುತ್ತೆ. ಬರಿ ಮರದಲ್ಲಿ ಕಾಣಲ್ಲ, ಬಣ್ಣ ಹಾಕಿದ ಕೂಡಲೇ ಎದ್ದು ಕಾಣುತ್ತೆ. ಬಣ್ಣಕ್ಕೆ ಮೊದಲು ಸ್ಪಿರಿಟ್ ಒರೆಸಿ ಓರೆ ಬೆಳಕಲ್ಲಿ ನೋಡಿ. ಗುಂಡಿ ಬಿದ್ದಿದ್ದರೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿ, ನಾರು ಹರಿಯದಿದ್ದರೆ ಎದ್ದು ಬರುತ್ತೆ.

ಬೀಟೆಯಲ್ಲಿ ಎರಡು ಎಚ್ಚರ. ಅದರ ಪುಡಿ ಕೆಲವರಿಗೆ ಚರ್ಮ ಕೆರೆತ, ಉಬ್ಬಸ ತರುತ್ತೆ, ಒಳ್ಳೇ ಮಾಸ್ಕ್ ಬೇಕು. ಮರದೊಳಗಿನ ಎಣ್ಣೆ ವಾರ್ನಿಷನ್ನು ಒಣಗಲು ಬಿಡಲ್ಲ. ವಾರ ಕಳೆದರೂ ಬೆರಳು ಅಂಟುತ್ತೆ. ಮೊದಲು ಮೇಣ ತೆಗೆದ ಅರಗಿನ ಒಂದು ತೆಳು ಕೈ (ಲೇಪ) ಕೊಟ್ಟು ಮುಚ್ಚಿ, ಆಮೇಲೆ ಏನು ಬೇಕೋ ಹಾಕಿ.

ನಾಪೋಕ್ಲು_ಮನೆ
ಅಂಗಡಿಯವರು ಮೆಲಮೈನ್ ಸ್ಪ್ರೇ ಮಾಡಿಸಿ, ಹತ್ತು ವರ್ಷ ನೋಡೋದೇ ಬೇಡ ಅಂತಾರೆ. ಅರಗಾ, ಮೆಲಮೈನಾ?

ಸೋಮವಾರಪೇಟೆ_ಪಾಲಿಶ್
ಕಂಪ್ರೆಸರ್, ಧೂಳಿಲ್ಲದ ಕೋಣೆ ಇರುವವರಿಗೆ ಮೆಲಮೈನ್. ನೋಡಲು ಚೆಂದ, ಬಿಸಿಗೂ ಸ್ವಲ್ಪ ತಡೆಯುತ್ತೆ. ಗಟ್ಟಿಕಾರಕ ಬೆರೆಸಿದ ಮೇಲೆ ಉಳಿದದ್ದು ಡಬ್ಬಿಯಲ್ಲೇ ಕಲ್ಲಾಗುತ್ತೆ, ಬೇಕಾದಷ್ಟೇ ಕಲಸಬೇಕು. ಕಣ್ಣು ಉರಿಸುವ ಫಾರ್ಮಾಲ್ಡಿಹೈಡ್ ಬಿಡುತ್ತೆ. ಪೆಟ್ಟು ಬಿದ್ದರೆ ಆ ಜಾಗ ಮಾತ್ರ ಸರಿ ಮಾಡೋಕೆ ಬರಲ್ಲ.

ಬರಿ ಅರಗೂ ಊಟದ ಕುರ್ಚಿಗೆ ಸಾಲದು. ಬೆವರಿದ ಕೈ ಹಿಡಿಯೋ ಬೆನ್ನಿನ ಮೇಲ್ಪಟ್ಟಿ ವರ್ಷದಲ್ಲಿ ಅಂಟಂಟಾಗುತ್ತೆ.

ಮನೆಯಲ್ಲಿ ಕೈಯಲ್ಲೇ ಮಾಡೋರಿಗೆ ನನ್ನ ಮಾತು: ಎಣ್ಣೆ ಆಧಾರದ ಪಿಯು ವಾರ್ನಿಷ್, ಅಷ್ಟೇ ಟರ್ಪೆಂಟೈನ್ ಬೆರೆಸಿ ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸೋದು. ತೆಳ್ಳಗೆ ನಾಲ್ಕೈದು ಕೈ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ದಿನ, ಮೋಡ ಇದ್ದರೆ ಎರಡು ದಿನ. ಎರಡನೇ ಕೈ ಆದಮೇಲೆ 320 ಕಾಗದ ಹಗುರಕ್ಕೆ. ಇದು ನಿಧಾನ ಆರುವುದರಿಂದ ಬಿಳಿಚಿಕೊಳ್ಳಲ್ಲ, ಬ್ರಷ್ ಗೆರೆಯೂ ಇಲ್ಲ. ಸೀಟಿನ ಚೌಕಟ್ಟಿನ ಒಳಮೈ, ಕಾಲಿನ ಅಡಿ ಇವಕ್ಕೂ ಎರಡು ಕೈ ಕೊಡಿ. ಕಾಲಿನ ಅಡಿ ಅಂದರೆ ಕಡಿದ ನಾರಿನ ತುದಿ, ನೆಲ ಒರೆಸಿದ ನೀರು ಕುಡಿಯೋದು ಅಲ್ಲಿಂದಲೇ. ಎಲ್ಲರೂ ಬಿಡೋದೂ ಅದನ್ನೇ.

ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿಯಾಗಿ ತಾನಾಗಿ ಹೊತ್ತಿಕೊಳ್ಳುತ್ತೆ. ಬೇಲಿ ಮೇಲೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿ.

ತೋಟದಮನೆ_ಸಿದ್ದಾಪುರ
ಇನ್ನೊಂದು ಮಾತು. ಅರಾಬಿಕಾ ಕೊಯ್ಲು ಶುರುವಾಗಿ ಕಣದಲ್ಲಿ ಕಾಫಿ ಹರಡಿರುವಾಗ ಪಕ್ಕದಲ್ಲೇ ತಿನ್ನರ್, ಟರ್ಪೆಂಟೈನ್ ಕೆಲಸ ಇಟ್ಟುಕೊಳ್ಳಬೇಡಿ. ಕಾಫಿ ಬೀಜ ಯಾವ ವಾಸನೆಯನ್ನಾದರೂ ಎಳೆದುಕೊಳ್ಳುತ್ತೆ. ಮೂಟೆ ಇಟ್ಟ ಗೋದಾಮಿನಲ್ಲಂತೂ ಬೇಡವೇ ಬೇಡ.

ನನ್ನದೊಂದು ಪ್ರಶ್ನೆ: ಕುರ್ಚಿಯಲ್ಲಿ ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ. ತೋಟದ ಬಿಳಿ ಕಾಂಡ ಕೊರಕ ಮನೆಯೊಳಗೆ ಬಂತು ಅಂತ ಮನೆಯಲ್ಲಿ ಗಾಬರಿ.

ಉಳಿ_ಸುತ್ತಿಗೆ
ಅದಲ್ಲ. ಬಿಳಿ ಕಾಂಡ ಕೊರಕ ಮೊಟ್ಟೆ ಇಡೋದು ಜೀವಂತ ಅರಾಬಿಕಾ ಗಿಡದ ತೊಗಟೆಯಲ್ಲಿ, ಒಣ ಕುರ್ಚಿ ಅದಕ್ಕೆ ಬೇಡ. ಇದು ಕುಟ್ಟೆ ಹುಳ. ಒಣ ಮರದ ಬಿಳಿ ಭಾಗದಲ್ಲಿರೋ ಗಂಜಿ ತಿನ್ನುತ್ತೆ. ತೇಗ, ಬೀಟೆಯ ಒಳತಿರುಳಿಗೆ ಬರೋದಿಲ್ಲ ಅನ್ನಬಹುದು; ಅಂಚಿನ ಬಿಳಿ ಪಟ್ಟಿಗೆ, ರಬ್ಬರ್ ಮರಕ್ಕೆ ಬೀಳುತ್ತೆ. ತೇಗ ಅಂತ ಕೊಟ್ಟ ಕುರ್ಚಿಯ ಕಾಲಿಡೀ ತೂತಿದ್ದರೆ ಅದು ಬಣ್ಣ ಬಳಿದ ಬೇರೆ ಮರ ಅಂತಲೂ ಗೊತ್ತಾಗುತ್ತೆ.

ಹಳೇ ತೂತಾ, ಹೊಸದಾ ಅಂತ ನೋಡೋಕೆ ಪುಡಿ ಒರೆಸಿ, ಕಪ್ಪು ಕಾಗದದ ಮೇಲೆ ಕುರ್ಚಿ ಇಟ್ಟು ಕೆಲವು ವಾರ ಬಿಡಿ. ಮತ್ತೆ ಪುಡಿ ಬಿದ್ದರೆ ಹುಳ ಜೀವಂತ. ಪಾಲಿಶ್ ತೆಗೆದ ಮರಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಒಂದೂವರೆಗೆ ಒಂದರಂತೆ ಸೇರಿಸಿ, ಲೀಟರ್ ಬಿಸಿ ನೀರಿಗೆ ಒಟ್ಟು 50 ಗ್ರಾಂ ಕರಗಿಸಿ, ಎರಡು ಮೂರು ಸಲ ಬಳಿಯಿರಿ, ತೂತಿಗೆ ಸಿರಿಂಜಲ್ಲಿ ಬಿಡಿ. ಪಾಲಿಶ್ ಮೇಲೆ ಬಳಿದರೆ ಒಂದು ಹನಿಯೂ ಒಳಗೆ ಇಳಿಯಲ್ಲ. ಒಣಗಿದ ಮೇಲೆ ಮೇಣ ತುಂಬಿ ತೂತು ಮುಚ್ಚಿ. ಗೆದ್ದಲಿಗೆ ತಂದಿಟ್ಟ ಕೀಟನಾಶಕವನ್ನು ಊಟದ ಕುರ್ಚಿಗೆ ಬಳಿಯಬೇಡಿ.

ಕುಶಾಲನಗರ_ಕುಷನ್
ಈಗ ಸೀಟಿಗೆ ಬರೋಣ.

ಹಳೇ ರೆಕ್ಸಿನ್ ಕಿತ್ತು ಪ್ಲೈವುಡ್ ನೋಡಿ. ಮೂಲೆ ಪದರ ಬಿಟ್ಟಿದ್ದರೆ, ಬೂಷ್ಟಿನ ವಾಸನೆ ಹೋಗದಿದ್ದರೆ ಬದಲಿಸಿ. 12 ಎಂಎಂ, ಐಎಸ್ 710 (ಭಾರತೀಯ ಮಾನಕ) ಮುದ್ರೆ ಇರುವ, ನೀರು ತಡೆಯುವ ಮೆರೈನ್ ಪ್ಲೈ. ಒಳಗಿನ ಹಳೇ ಹತ್ತಿ, ತೆಂಗಿನ ನಾರನ್ನು ಮತ್ತೆ ಬಳಸಬೇಡಿ. ಮಾಸ್ಕ್ ಹಾಕಿ ಹೊರಗೆ ಬಿಚ್ಚಿ.

ಪ್ಲೈ ಕತ್ತರಿಸುವಾಗ ಚೌಕಟ್ಟಿನ ಒಳಗೆ ಕೂರುವ ಸೀಟಾದರೆ ಸುತ್ತ ಎರಡು ಮಿಲಿಮೀಟರ್ ಸಂದಿ ಬಿಡಿ. ತೆಳ್ಳನೆ ಬಟ್ಟೆ ಇದ್ದ ಜಾಗಕ್ಕೆ ದಪ್ಪ ರೆಕ್ಸಿನ್ ಹಾಕಿದರೆ ಮೂಲೆಯಲ್ಲಿ ಎರಡು ಮಡಿಕೆ ಸೇರಿ ಸೀಟು ಇಳಿಯಲ್ಲ. ಗುದ್ದಿ ಇಳಿಸಿದರೆ ಉಳಿ ಅಣ್ಣ ಅಂಟಿಸಿದ ಜಾಯಿಂಟೇ ಬಿಟ್ಟುಕೊಳ್ಳುತ್ತೆ.

ಪ್ಲೈಗೆ ಐದಾರು ಕಡೆ ಅರ್ಧ ಇಂಚಿನ ತೂತು ಕೊರೆಯಿರಿ. ರೆಕ್ಸಿನ್ ಗಾಳಿ ಬಿಡಲ್ಲ. ತೂತಿಲ್ಲದಿದ್ದರೆ ಕೂತಾಗ ಗಾಳಿ ಹೊಲಿಗೆಯಿಂದ ನುಗ್ಗಿ ಸೀಟು ಉಬ್ಬುತ್ತೆ, ಒಳಗೆ ಸೇರಿದ ತೇವ ಹೊರಗೆ ಬರಲ್ಲ.

ಫೋಮ್: ಕೆಳಗೆ ಒಂದಿಂಚು ರೀಬಾಂಡೆಡ್ (ಫೋಮಿನ ಚೂರು ಒತ್ತಿ ಅಂಟಿಸಿದ ಗಟ್ಟಿ ಫೋಮ್), ಮೇಲೆ ಒಂದಿಂಚು 40 ಡೆನ್ಸಿಟಿ ಎಚ್‌ಆರ್ (ಒತ್ತಿದರೆ ಮತ್ತೆ ಮೇಲೇಳುವ ಫೋಮ್). ಬರೇ ಮೆತ್ತನೆ ಫೋಮ್ ಎರಡಿಂಚು ಹಾಕಿದರೆ ಕೂತವರಿಗೆ ಪ್ಲೈ ತಗಲುತ್ತೆ. ಮೂರಿಂಚು ಹಾಕಿಸುವ ಆಸೆ ಬೇಡ. ಟೇಬಲ್ ಸಾಮಾನ್ಯವಾಗಿ 30 ಇಂಚು, ಸೀಟಿನ ಮೇಲ್ಮೈ 17ರಿಂದ 18 ಇಂಚಿಗೆ ನಿಲ್ಲಬೇಕು. ಇನ್ನೂ ಏರಿದರೆ ಟೇಬಲಿನ ಕೆಳಪಟ್ಟಿ ತೊಡೆಗೆ ಒತ್ತುತ್ತೆ. ಮೇಲಿನ ಫೋಮನ್ನು ಪ್ಲೈಗಿಂತ ಸುತ್ತ ಕಾಲು ಇಂಚು ದೊಡ್ಡದು ಕತ್ತರಿಸಿ, ಎಳೆದಾಗ ಅಂಚು ದುಂಡಗೆ ಬರುತ್ತೆ. ಅದರ ಮೇಲೆ ತೆಳ್ಳನೆ ಪಾಲಿಫಿಲ್ (ಪಾಲಿಯೆಸ್ಟರ್ ನಾರಿನ ಹತ್ತಿಯಂಥ ಹಾಳೆ) ಹಾಸು. ಬಟ್ಟೆ ಜಾರುತ್ತೆ, ಸುಕ್ಕು ಕಮ್ಮಿ.

ಬಟ್ಟೆ ಲೆಕ್ಕ. 18 ಇಂಚಿನ ಸೀಟು, ಎರಡೂ ಕಡೆ ಫೋಮಿನ ದಪ್ಪಕ್ಕೆ ಎರಡೆರಡು ಇಂಚು, ಪ್ಲೈಗೆ ಅರ್ಧರ್ಧ, ಕೆಳಗೆ ಮಡಚಲು ಎರಡೆರಡು: 27 ಇಂಚು. ಸೋಫಾ ಬಟ್ಟೆಯ ಅಗಲ ಸಾಮಾನ್ಯವಾಗಿ 54 ಇಂಚು, ಅಂದರೆ ಅಗಲಕ್ಕೆ ಸರಿಯಾಗಿ ಎರಡು. ನಾಲ್ಕು ಕುರ್ಚಿಗೆ ಒಂದೂವರೆ ಮೀಟರ್, ಆರಕ್ಕೆ ಎರಡೂಕಾಲು ಮೀಟರ್. ದೊಡ್ಡ ಹೂವಿನ ಡಿಸೈನಾದರೆ ಅರ್ಧದಿಂದ ಮುಕ್ಕಾಲು ಮೀಟರ್ ಜಾಸ್ತಿ. ಸೀಟು 20 ಇಂಚಾದರೆ ಲೆಕ್ಕವೇ ತಲೆಕೆಳಗು: 29 ಇಂಚು ಬೇಕು, ಅಗಲಕ್ಕೆ ಒಂದೇ ಬರುತ್ತೆ, ಆರಕ್ಕೆ ನಾಲ್ಕೂವರೆ ಮೀಟರ್. ಅಳೆಯದೆ ಅಂಗಡಿಗೆ ಹೋಗಬೇಡಿ.

ತೋಟದಮನೆ_ಸಿದ್ದಾಪುರ
ಯಾವ ಬಟ್ಟೆ ಅಂತ ಹೇಳಲೇ ಇಲ್ಲವಲ್ಲ. ಹತ್ತಿ ಬಟ್ಟೆ ಜುಲೈಯಲ್ಲಿ ಬೂಷ್ಟು ಹಿಡಿಯುತ್ತೆ. ಲೆದರ್ ತರ ಕಾಣೋದು ಸಿಪ್ಪೆ ಸುಲಿಯುತ್ತೆ.

ಕುಶಾಲನಗರ_ಕುಷನ್
ಸಿಪ್ಪೆ ಸುಲಿಯೋದು ಪಿಯು ಲೇಪದ್ದು. ಗಾಳಿಯ ತೇವವೇ ಆ ಲೇಪವನ್ನು ಒಳಗಿಂದ ಒಡೆಯುತ್ತೆ, ಬಳಸದೆ ಮುಚ್ಚಿಟ್ಟರೂ ಸುಲಿಯುತ್ತೆ. ಕೊಡಗಿಗೆ ಅದು ಬೇಡವೇ ಬೇಡ. ಹಳೇ ತರದ ಪಿವಿಸಿ ರೆಕ್ಸಿನ್‌ಗೆ ಆ ಕಾಟ ಇಲ್ಲ. ವರ್ಷಗಳು ಕಳೆದಂತೆ ಬಿರುಸಾಗಿ ಮಡಿಕೆಯಲ್ಲಿ ಬಿರಿಯುತ್ತೆ, ಅಷ್ಟೇ. ಬೆನ್ನ ಕಡೆ ಹೆಣೆದ ಬಟ್ಟೆ ಇರೋದನ್ನು ಆರಿಸಿ, ಉದ್ದಕ್ಕೂ ಅಡ್ಡಕ್ಕೂ ಎಳೆದು ನೋಡಿ. ಬಟ್ಟೆಯೇ ಬೇಕು ಅಂದರೆ ಒತ್ತಾಗಿ ನೇಯ್ದ ಪಾಲಿಯೆಸ್ಟರ್. ಸಾರು ಚೆಲ್ಲಿದರೂ ಒರೆಸಬಹುದು, ಬೇಗ ಒಣಗುತ್ತೆ. ಮಕ್ಕಳಿರೋ ಮನೆಗೆ ನಾನು ರೆಕ್ಸಿನ್ ಅಂತಲೇ ಹೇಳೋದು, ಚೆಂದ ಎಷ್ಟಾದರೂ ಬಟ್ಟೆಯದ್ದೇ.

ಸ್ಟೇಪ್ಲರ್ ಗನ್ನಿನ ಪಿನ್ ಹೊಡೆಯೋ ಕ್ರಮ: ಬಟ್ಟೆ ಮಗುಚಿ ಹಾಸಿ, ಫೋಮ್, ಪ್ಲೈ ಇಟ್ಟು, ಮೊದಲು ನಾಲ್ಕು ಬದಿಯ ನಡುವೆ ಒಂದೊಂದು ಪಿನ್. ಎದುರು ಬದುರು ಎಳೆಯುತ್ತಾ ನಡುವಿಂದ ಮೂಲೆಯ ಕಡೆ, ಮೂಲೆಗೆ ಎರಡಿಂಚು ಬಿಟ್ಟು ನಿಲ್ಲಿಸಿ. ಮಗುಚಿ ನೋಡಿ. ಗೆರೆ ಸೊಟ್ಟ ಇದ್ದರೆ ಈಗಲೇ ಬಿಚ್ಚಬೇಕು. ಮೂಲೆಯಲ್ಲಿ ನಡು ತುದಿಯನ್ನು ಒಳಕ್ಕೆ ಎಳೆದು ಒಂದು ಪಿನ್, ಎರಡು ಕಿವಿಯನ್ನು ಮಡಚಿ, ಒಳಗಿನ ಹೆಚ್ಚಿನ ಬಟ್ಟೆ ಕತ್ತರಿಸಿ ಒಂದೊಂದು ಪಿನ್. ಪಿನ್ನಿನ ನಡುವೆ ಮುಕ್ಕಾಲರಿಂದ ಒಂದಿಂಚು. 12 ಎಂಎಂ ಪ್ಲೈಗೆ 8 ಎಂಎಂ ಪಿನ್ ಸಾಕು. ಸ್ಟೇನ್‌ಲೆಸ್ ಸಿಕ್ಕರೆ ಅದೇ, ಸಾದಾ ಪಿನ್ ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಬಟ್ಟೆ ಕತ್ತರಿಸುತ್ತೆ. ಕೆಳಗೆ ಮುಚ್ಚೋಕೆ ಕಪ್ಪು ನಾನ್‌ವೋವನ್ ಬಟ್ಟೆ. ಪ್ಲಾಸ್ಟಿಕ್ ಹಾಳೆ ಹೊಡೆದರೆ ಆ ತೂತು ಕೊರೆದದ್ದೆಲ್ಲ ದಂಡ.

ಬೆತ್ತ_ಗೋಣಿಕೊಪ್ಪ
ಬೆತ್ತದ ಎರಡನ್ನು ಎಲ್ಲರೂ ಮರೆತಿರಿ. ಅದರ ಮೇಲೆ ಪ್ಲೈ ಬಡಿದು ಫೋಮ್ ಹಾಕಿಸಬೇಡಿ ದಯವಿಟ್ಟು. ಬೀಟೆ ಕುರ್ಚಿಯ ಬೆಲೆಯೇ ಆ ಹೆಣಿಗೆಯಲ್ಲಿದೆ. ನಮ್ಮ ಹವೆಗೂ ಅದೇ ಸರಿ, ಗಾಳಿ ಆಡುತ್ತೆ, ಬೂಷ್ಟು ಬಂದರೂ ಒರೆಸಿದರೆ ಹೋಗುತ್ತೆ.

ಚೌಕಟ್ಟಿನ ಸುತ್ತ ಸಾಲಾಗಿ ತೂತು ಇದೆಯಾ, ಅಥವಾ ಒಂದೇ ಕಾಲುವೆ ಇದೆಯಾ ನೋಡಿ. ಕಾಲುವೆ ಇದ್ದರೆ ಹೆಣೆದ ಬೆತ್ತದ ಹಾಳೆ ಸಿಗುತ್ತೆ. ಹಳೇದನ್ನು ಉಳಿಯಿಂದ ಕಿತ್ತು ಕಾಲುವೆ ಶುದ್ಧ ಮಾಡಿ, ಹಾಳೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಒಂದು ಗಂಟೆ ನೆನೆಸಿ. ಸುತ್ತ ಒಂದಿಂಚು ಹೆಚ್ಚಿಗೆ ಇರಲಿ. ಮರದ ಬೆಣೆಯಿಂದ ಕಾಲುವೆಗೆ ಒತ್ತಿ, ಅಂಟು ಹಾಕಿ, ಮೇಲೆ ಬೆತ್ತದ ದಾರ ಬಡಿದು ಕೂರಿಸಿ. ಒದ್ದೆ ಇರುವಾಗ ತುಂಬಾ ಬಿಗಿಯಾಗಿ ಎಳೆಯಬೇಡಿ. ಒಣಗುವಾಗ ತಾನೇ ತಂತಿಯ ಹಾಗೆ ಬಿಗಿಯುತ್ತೆ, ಮೊದಲೇ ಬಿಗಿದಿದ್ದರೆ ಅಂಚಲ್ಲಿ ಹರಿಯುತ್ತೆ.

ತೂತು ಇದ್ದರೆ ಎಳೆ ಎಳೆಯಾಗಿ ಕೈ ಹೆಣಿಗೆ. ಉದ್ದಕ್ಕೆ, ಅಡ್ಡಕ್ಕೆ, ಮತ್ತೆ ಉದ್ದಕ್ಕೆ, ಮತ್ತೆ ಅಡ್ಡಕ್ಕೆ ಹೆಣೆದು, ಆಮೇಲೆ ಎರಡು ಓರೆ. ಕೊನೆಗೆ ತೂತು ಮುಚ್ಚುವ ಅಂಚು. ಮೊದಲ ಸಲ ಮಾಡೋರಿಗೆ ಒಂದು ಸೀಟಿಗೆ ಮೂರು ನಾಲ್ಕು ದಿನ ಹಿಡಿಯುತ್ತೆ. ಓರೆ ಎಳೆ ತಪ್ಪು ಕಡೆ ಹೋದರೆ ಎಳೆಯುವಾಗ ಸಲೀಸಾಗಿ ಜಾರಲ್ಲ, ಕಚ್ಚಿಕೊಳ್ಳುತ್ತೆ. ಅಲ್ಲೇ ನಿಲ್ಲಿಸಿ ದಾರಿ ನೋಡಿ. ಹೊಳಪಿನ ಮೈ ಯಾವಾಗಲೂ ಮೇಲೆ. ಪ್ಲಾಸ್ಟಿಕ್ ಬೆತ್ತವೂ ಸಿಗುತ್ತೆ, ನೀರಿಗೆ ಜಗ್ಗಲ್ಲ, ಆದರೆ ಜೋತು ಬಿದ್ದರೆ ಮತ್ತೆ ಬಿಗಿಯೋಕೆ ಬರಲ್ಲ. ನಿಜ ಬೆತ್ತ ಜೋತರೆ ಕೆಳಗಿನಿಂದ ಒದ್ದೆ ಬಟ್ಟೆ ಹಾಕಿ ರಾತ್ರಿ ಬಿಟ್ಟು ಒಣಗಿಸಿದರೆ ಮೇಲೇಳುತ್ತೆ. ಮಾರ್ಚ್ ತಿಂಗಳ ಒಣ ಹವೆಯಲ್ಲೂ ಹೀಗೆ ಒಮ್ಮೆ ಕೆಳಗಿಂದ ತೇವ ಕೊಡಿ, ಎಳೆ ಸೀಳಲ್ಲ.

ನಾಪೋಕ್ಲು_ಮನೆ
ಎಲ್ಲರಿಗೂ ಉಪಕಾರ. ಬೆತ್ತ ಮೊದಲಾ, ಪಾಲಿಶ್ ಮೊದಲಾ?

ಬೆತ್ತ_ಗೋಣಿಕೊಪ್ಪ
ಪಾಲಿಶ್ ಮೊದಲು, ಕಡೇ ಪಕ್ಷ ವಾರ ಒಣಗಲಿ. ಒದ್ದೆ ಬೆತ್ತ ಹಸಿ ವಾರ್ನಿಷ್ ಮೇಲೆ ಕೂತರೆ ಗುರುತು ಬೀಳುತ್ತೆ. ಬೆತ್ತದ ಹೊಳಪಿನ ಮೈಗೆ ವಾರ್ನಿಷ್ ಹಿಡಿಯೋದೂ ಇಲ್ಲ, ಅದನ್ನು ಹಾಗೇ ಬಿಡಿ.

ಉಳಿ_ಸುತ್ತಿಗೆ
ಎಲ್ಲ ಮುಗಿದ ಮೇಲೆ ಕುರ್ಚಿ ಒಂದು ಕಾಲು ಎತ್ತಿದರೆ ಗರಗಸ ತರಬೇಡಿ. ಹಳೇ ಮನೆಯ ರೆಡ್ ಆಕ್ಸೈಡ್ ನೆಲ ಎಲ್ಲ ಕಡೆ ಸಮ ಇರಲ್ಲ. ಕುರ್ಚಿಯನ್ನು ಅದೇ ಜಾಗದಲ್ಲಿ ಕಾಲು ಭಾಗ ಸುತ್ತು (90 ಡಿಗ್ರಿ) ತಿರುಗಿಸಿ: ಅದೇ ಕಾಲು ಎದ್ದರೆ ಕುರ್ಚಿಯ ದೋಷ, ಬೇರೆ ಕಾಲು ಎದ್ದರೆ ನೆಲದ್ದು. ಕುರ್ಚಿಯದ್ದೇ ಆದರೆ ಎದ್ದ ಕಾಲಿನ ಅಡಿಗೆ ಫೆಲ್ಟ್ ಒಂದು ಪದರ ಹೆಚ್ಚಿಗೆ ಅಂಟಿಸಿ, ಒಂದು ಮಳೆಗಾಲ ಕಳೆಯಲಿ. ಆಮೇಲೂ ಹಾಗೇ ಇದ್ದರೆ ಕಾಲು ಕತ್ತರಿಸೋ ಮಾತು.

ಕುಶಾಲನಗರ_ಕುಷನ್
ಫೆಲ್ಟಿನ ಬದಲು ಮೊಳೆ ಇರುವ ನೈಲಾನ್ ಬಟನ್ ಹಾಕಿ. ಅಂಟಿಸಿದ ಫೆಲ್ಟ್ ನೆಲ ಒರೆಸುವ ನೀರಿಗೆ ಎದ್ದು ಬರುತ್ತೆ, ಒದ್ದೆಯನ್ನೂ ಹಿಡಿದಿಟ್ಟುಕೊಳ್ಳುತ್ತೆ.

ಉಳಿ_ಸುತ್ತಿಗೆ
ಅದೂ ಸರಿ. ಆದರೆ ಮೊಳೆಗೆ ಮೊದಲು ಸಣ್ಣ ತೂತು ಕೊರೆಯಿರಿ, ಅದೂ ಕಾಲಿನ ನಟ್ಟ ನಡುವೆ.